ಊರು ಕೂಡಿ ಕಟ್ಟಿದ ದೇವರ ಮನೆಗಳು

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ನಮ್ಮ ಸಂಘದ ಮಹಾಸಭೆಗಳಲ್ಲಿ ಅದೆಷ್ಟು ಸಲ ಕೇಳಿಬಂದಿದೆಯೋ ಲೆಕ್ಕವಿಲ್ಲ. ಸಹಕಾರ ಎಂಬುದು 1904ರ ಕಾಯಿದೆಯಿಂದ ಬಂತು, ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದರು ಅಂತ ನಾವೆಲ್ಲ ಓದಿದ್ದೇವೆ. ಕಾನೂನಿನ ಮಟ್ಟಿಗೆ ಅದು ಸರಿಯಾದ ಮಾತೇ. ಆದರೆ ಜನ ಕೂಡಿ ವಂತಿಗೆ ಹಾಕಿ, ಸರದಿ ಹಂಚಿಕೊಂಡು, ಲೆಕ್ಕ ಬರೆದಿಟ್ಟು ಒಂದು ದೊಡ್ಡ ಕೆಲಸ ಮಾಡುವ ಪದ್ಧತಿ ಇದಕ್ಕಿಂತ ಎಷ್ಟೋ ಹಳೆಯದು. ಅದನ್ನು ನೋಡಬೇಕಾದರೆ ಜಗತ್ತಿನ ದೊಡ್ಡ ದೊಡ್ಡ ಗುಡಿ, ಮಸೀದಿ, ಇಗರ್ಜಿಗಳ ಚರಿತ್ರೆಯನ್ನು ತೆರೆಯಬೇಕು. ಇಂಥ ರಾಜ ಕಟ್ಟಿಸಿದ ಅಂತ ಒಂದೇ ಸಾಲಿನಲ್ಲಿ ನಾವು ಮುಗಿಸಿಬಿಡುತ್ತೇವೆ. ಕಟ್ಟಿಸಿದವನು ಒಬ್ಬನಿರಬಹುದು, ಉಳಿಸಿಕೊಂಡು ಬಂದವರು ಸಾವಿರಾರು ಮಂದಿ. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಅಂಥ ಕೆಲವು ದೇವರ ಮನೆಗಳ ಕಥೆಯನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಆಫ್ರಿಕಾದ ಮಾಲಿ ದೇಶಕ್ಕೆ ಹೋಗೋಣ. ಅಲ್ಲಿ ಬಾನಿ ನದಿಯ ಬಯಲಿನಲ್ಲಿ ಜೆನ್ನೆ ಎಂಬ ಹಳೆಯ ಊರಿದೆ. ಆ ಊರಿನ ಸಂತೆಮಾಳದ ಎದುರಿಗೆ ನಿಂತಿರುವ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಮೇಲೆ ಮಣ್ಣಿನದೇ ಗಿಲಾವು. ಈ ಜಾಗದಲ್ಲಿ ಮಸೀದಿ ಇದ್ದದ್ದು ಬಹಳ ಹಿಂದಿನಿಂದ. 1828ರಲ್ಲಿ ಫ್ರಾನ್ಸಿನ ಪ್ರವಾಸಿ ರೆನೆ ಕೈಯೆ ಅಲ್ಲಿಗೆ ಹೋದಾಗ ಹಳೆಯ ಮಸೀದಿ ಹಾಳು ಬಿದ್ದಿತ್ತು. ಈಗಿರುವ ಕಟ್ಟಡ 1907ರಲ್ಲಿ ಮುಗಿಯಿತು. ಕಟ್ಟಿದವರು ಅದೇ ಊರಿನ ಮೇಸ್ತ್ರಿಗಳು.

ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಆ ವರ್ಷ ಮನೆ ಸೋರುವುದು ಖಂಡಿತ. ಜೆನ್ನೆಯ ಮಸೀದಿಯ ಗತಿಯೂ ಅದೇ. ಅದಕ್ಕಾಗಿ ವರ್ಷಕ್ಕೊಂದು ಸಲ ಇಡೀ ಊರು ಕೂಡಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತದೆ. ಎಷ್ಟೋ ದಿನ ಮುಂಚೆಯೇ ನದಿಯ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ಕೊಳೆಹಾಕುತ್ತಾರೆ. ಹುಡುಗರು ಅದನ್ನು ತುಳಿಯುತ್ತಾರೆ, ಹೆಂಗಸರು ನೀರು ಹೊರುತ್ತಾರೆ, ಯುವಕರು ಕೇರಿ ಕೇರಿಗೆ ತಂಡ ಕಟ್ಟಿಕೊಂಡು ಪೈಪೋಟಿಯಲ್ಲಿ ಮಣ್ಣಿನ ಬುಟ್ಟಿ ಹೊತ್ತು ಓಡುತ್ತಾರೆ. ಗೋಡೆಯಿಂದ ಹೊರಚಾಚಿದ ತಾಳೆಮರದ ತೊಲೆಗಳೇ ಅವರಿಗೆ ಏಣಿ. ಮೇಲುಸ್ತುವಾರಿ ಮಾತ್ರ ಮೇಸ್ತ್ರಿಗಳ ಸಂಘದ್ದು. ಆ ಸಂಘದ ಹೆಸರು ಬಾರೆ ತೋನ್. ವಿದ್ಯೆಯನ್ನು ಗುರುವಿನಿಂದ ಶಿಷ್ಯನಿಗೆ ದಾಟಿಸುವುದೂ ಅವರದೇ ಜವಾಬ್ದಾರಿ.

ಈ ಊರಿನವರದು ಇನ್ನೊಂದು ಮಾತೂ ಇದೆ. 2006ರಲ್ಲಿ ಹೊರಗಿನ ಒಂದು ದೊಡ್ಡ ಧರ್ಮಸಂಸ್ಥೆಯ ನೆರವಿನಿಂದ ಮಸೀದಿಯ ದುರಸ್ತಿ ಮಾಡಬೇಕೆಂದು ಕೆಲಸಗಾರರು ಮಾಳಿಗೆ ಹತ್ತಿ ಪರೀಕ್ಷೆ ಶುರು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ನಮ್ಮನ್ನು ಕೇಳದೆ ಮೇಲೆ ಹತ್ತಿದ್ದು ಯಾರು ಅಂತ ಜನ ಸಿಟ್ಟಿಗೆದ್ದು ಊರಲ್ಲಿ ದೊಡ್ಡ ಗಲಾಟೆಯೇ ಆಗಿಹೋಯಿತು. ದುರಸ್ತಿ ಕೆಲಸ ನಡೆದದ್ದು 2009ರ ಹೊತ್ತಿಗೆ. ಗಲಾಟೆ ಸರಿ ಅಂತ ನಾವು ಹೇಳುವುದಿಲ್ಲ. ಆದರೆ ವರ್ಷ ವರ್ಷ ತಮ್ಮ ಕೈಯಿಂದ ಮಣ್ಣು ಮೆತ್ತಿದವರಿಗೆ ಅದು ತಮ್ಮದು ಎಂಬ ಅಭಿಮಾನ ಇದ್ದೇ ಇರುತ್ತದೆ. ಹಣ ತಂದವರು ಅದನ್ನು ಮರೆಯಬಾರದು.

ಮಣ್ಣಿನ ಮಸೀದಿಗೆ ವರ್ಷಕ್ಕೊಮ್ಮೆ ಕೆಲಸವಾದರೆ, ಜಪಾನಿನ ಒಂದು ಮರದ ದೇವಾಲಯಕ್ಕೆ 20 ವರ್ಷಕ್ಕೊಮ್ಮೆ. ಇಸೆ ಎಂಬಲ್ಲಿ ಸೂರ್ಯದೇವಿ ಅಮತೆರಾಸುವಿನ ಗುಡಿ ಇದೆ. ಪಕ್ಕದಲ್ಲೇ ಅಷ್ಟೇ ಅಗಲದ ಖಾಲಿ ನಿವೇಶನ. 20 ವರ್ಷವಾದ ಕೂಡಲೇ ಆ ಖಾಲಿ ಜಾಗದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ದೇವಿಯನ್ನು ಅಲ್ಲಿಗೆ ಕರೆತಂದು, ಹಳೆಯದನ್ನು ಬಿಚ್ಚುತ್ತಾರೆ. ಇದು ಶುರುವಾದದ್ದು 690ರಲ್ಲಿ. 62ನೆಯ ಸಲ ಕಟ್ಟಿದ್ದು 2013ರಲ್ಲಿ. ಮರದ ದಿಮ್ಮಿಗಳನ್ನು ಹಗ್ಗ ಕಟ್ಟಿ ಎಳೆಯುವವರು, ಅಂಗಳಕ್ಕೆ ಬಿಳಿ ಕಲ್ಲು ಹಾಸುವವರು ಸುತ್ತಲಿನ ಊರಿನವರೇ. ನಮ್ಮಲ್ಲಿ ತೇರು ಎಳೆದ ಹಾಗೆಯೇ ಅವರಿಗೂ ಅದೊಂದು ಹಬ್ಬ.

20 ವರ್ಷದ ಲೆಕ್ಕದಲ್ಲಿ ಒಂದು ಜಾಣತನ ಇದೆ. ಒಂದು ಸಲ ಉಳಿ ಹಿಡಿದು ಕಲಿತ ಹುಡುಗ ಮುಂದಿನ ಸಲಕ್ಕೆ ಹಿರಿಯ ಬಡಗಿಯಾಗಿ ಇನ್ನೊಬ್ಬನಿಗೆ ಕಲಿಸುತ್ತಾನೆ. ಹಾಗಂತ ಅದು ತಪ್ಪದೆ ನಡೆದುಕೊಂಡು ಬಂತು ಅಂತಲೂ ಇಲ್ಲ. 15ನೆಯ ಶತಮಾನದಲ್ಲಿ ದೇಶದ ತುಂಬ ಯುದ್ಧ ಹಬ್ಬಿ, ಸರ್ಕಾರದ ಬೊಕ್ಕಸ ಬರಿದಾಗಿ, 120 ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ನಿಂತೇಹೋಗಿತ್ತು. ಆಗ ಕೈಕೋಯಿನ್ ಎಂಬ ಮಠದ ಸನ್ಯಾಸಿನಿಯರು ಊರೂರು ತಿರುಗಿ ವಂತಿಗೆ ಎತ್ತಿದರು. ಅವರ ಪ್ರಯತ್ನದಿಂದಲೇ 1563ರಲ್ಲಿ ಹೊರಗುಡಿ, 1585ರಲ್ಲಿ ಒಳಗುಡಿ ಮತ್ತೆ ಎದ್ದು ನಿಂತವು. ದೊರೆಗಳ ಕೈಲಿ ಆಗದ್ದನ್ನು ಶುರು ಮಾಡಿದ್ದು ಜೋಳಿಗೆ ಹಿಡಿದ ಹೆಣ್ಣುಮಕ್ಕಳು.

ಇನ್ನು ಯುರೋಪಿನ ಕಲ್ಲಿನ ಇಗರ್ಜಿಗಳ ಕಡೆ ತಿರುಗೋಣ. ಇವುಗಳಲ್ಲಿ ಸಿಹಿಯೂ ಇದೆ, ಕಹಿಯೂ ಇದೆ. ಫ್ರಾನ್ಸಿನ ರೀಮ್ಸ್ ನಗರದಲ್ಲಿ 1211ರಲ್ಲಿ ಈಗಿನ ಮಹಾ ಇಗರ್ಜಿಯ ಕೆಲಸ ಶುರುವಾಯಿತು. ಅದು ಆ ದೇಶದ ರಾಜರಿಗೆ ಪಟ್ಟಕಟ್ಟುವ ಜಾಗ. ಆದರೆ ತೆರಿಗೆಯ ವಿಚಾರಕ್ಕೆ, ಅಧಿಕಾರದ ವಿಚಾರಕ್ಕೆ ಧರ್ಮಾಧ್ಯಕ್ಷರಿಗೂ ಊರ ಜನಕ್ಕೂ ಜಗಳ ಹತ್ತಿ, 1233ರಲ್ಲಿ ಜನ ದಂಗೆ ಎದ್ದರು. ಪಾದ್ರಿಗಳು ಊರು ಬಿಟ್ಟರು. ಮೂರು ವರ್ಷ ಕೆಲಸ ನಿಂತಿತು. ದೇವರ ಹೆಸರು ಹೇಳಿದ ಮಾತ್ರಕ್ಕೆ ಜನ ಎಲ್ಲಕ್ಕೂ ತಲೆಬಾಗಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜರ್ಮನಿಯ ಕಲೋನ್ ನಗರದ ಇಗರ್ಜಿಯ ಕಥೆಯಂತೂ ಸಹಕಾರಿಗಳಾದ ನಾವು ಓದಲೇಬೇಕಾದದ್ದು. 1248ರಲ್ಲಿ ಅದರ ಬುನಾದಿ ಕಲ್ಲು ಬಿತ್ತು. ಸುಮಾರು 300 ವರ್ಷ ಕುಂಟುತ್ತ ಸಾಗಿ, 1560ರ ಹೊತ್ತಿಗೆ ದುಡ್ಡು ಸಾಲದೆ ಕೆಲಸ ನಿಂತಿತು. ಅರ್ಧ ಎದ್ದ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನು ಒಂದು ಹಾಗೇ ಉಳಿಯಿತು. ತಲೆಮಾರುಗಳು ಹುಟ್ಟಿ ಸತ್ತರೂ ಆ ಕ್ರೇನು ಆಕಾಶ ನೋಡುತ್ತ ನಿಂತೇ ಇತ್ತು. 1842ರಲ್ಲಿ ಊರ ನಾಗರಿಕರು ಇದನ್ನು ಮುಗಿಸಲೆಂದೇ ಒಂದು ಸಂಘ ಕಟ್ಟಿದರು. ಅದಕ್ಕೆ ಸದಸ್ಯತ್ವ, ವರ್ಷದ ವಂತಿಗೆ, ಬೇರೆ ಊರುಗಳಲ್ಲಿ ಶಾಖೆಗಳು. ಇಗರ್ಜಿ ಕ್ಯಾಥೊಲಿಕರದಾದರೂ ಸಂಘದಲ್ಲಿ ಪ್ರೊಟೆಸ್ಟೆಂಟರೂ ಯಹೂದಿಗಳೂ ಇದ್ದರು. ಹಣ ಸಾಲದೆ ಬಂದಾಗ 1860ರ ದಶಕದಲ್ಲಿ ಲಾಟರಿಯನ್ನೂ ನಡೆಸಿದರು. ಸರ್ಕಾರವೂ ಪಾಲು ಹಾಕಿತು. ಕೊನೆಗೆ 1880ರಲ್ಲಿ, ಎಂದರೆ ಬುನಾದಿ ಹಾಕಿದ 632 ವರ್ಷಕ್ಕೆ, 157 ಮೀಟರ್ ಎತ್ತರದ ಜೋಡಿ ಗೋಪುರಗಳು ಪೂರ್ತಿಯಾದವು. ಕೆಲಸ ಮುಗಿಯಿತು ಅಂತ ಸಂಘವನ್ನು ಬರಖಾಸ್ತು ಮಾಡಲಿಲ್ಲ. ಇಗರ್ಜಿಯ ದುರಸ್ತಿ ಖರ್ಚಿನಲ್ಲಿ ದೊಡ್ಡ ಪಾಲನ್ನು ಇಂದಿಗೂ ಅದೇ ಸಂಘ ಹೊರುತ್ತಿದೆ.

ನಮ್ಮ ದಕ್ಷಿಣದಲ್ಲಿ ಇಂಥದ್ದು ಇರಲಿಲ್ಲವೇ? ಇತ್ತು, ಕಲ್ಲಿನ ಮೇಲೆ ಬರೆದೂ ಇಟ್ಟಿದ್ದಾರೆ. ತಂಜಾವೂರಿನ ಬೃಹದೀಶ್ವರ ದೇವಾಲಯ 1010ರಲ್ಲಿ ಚೋಳ ರಾಜರಾಜನ ಕಾಲದಲ್ಲಿ ಪೂರ್ತಿಯಾಯಿತು. ವಿಮಾನದ ಎತ್ತರ ಸುಮಾರು 60 ಮೀಟರ್. ನಮ್ಮ ಕನ್ನಡ ನಾಡಿನ ಚಾಲುಕ್ಯ ಸತ್ಯಾಶ್ರಯನ ಮೇಲೆ ದಂಡೆತ್ತಿ ಬಂದು ತೆಗೆದುಕೊಂಡು ಹೋದ ಹೊನ್ನೂ ಆ ದೇವರಿಗೆ ಸಂದಿದೆ. ಆದ್ದರಿಂದ ಅದು ಪ್ರೀತಿಯ ಕಾಣಿಕೆಯಿಂದಲೇ ಬೆಳೆಯಿತು ಅಂತ ಹೇಳಲು ಬರುವುದಿಲ್ಲ. ಆದರೆ ಅಲ್ಲಿಯ ಶಾಸನಗಳಲ್ಲಿ ರಾಜ ಕೊಟ್ಟದ್ದು, ಅವನ ಅಕ್ಕ ಕೊಟ್ಟದ್ದು, ರಾಣಿಯರು ಕೊಟ್ಟದ್ದು, ಉಳಿದವರು ಕೊಟ್ಟದ್ದು ಎಲ್ಲವೂ ಒಂದೇ ಗೋಡೆಯ ಮೇಲೆ ದಾಖಲಾಗಿವೆ.

ಅದಕ್ಕಿಂತ ಮುಖ್ಯವಾದದ್ದು ದೇವಾಲಯವನ್ನು ನಡೆಸಿದ ಬಗೆ. ದೇವರ ಇಡುಗಂಟನ್ನು ಊರೂರಿನ ಸಭೆಗಳಿಗೆ ಬಡ್ಡಿಗೆ ಕೊಡುತ್ತಿದ್ದರು. ವರ್ಷಕ್ಕೆ ಎಂಟನೆಯ ಒಂದು ಪಾಲು, ಎಂದರೆ ನೂರಕ್ಕೆ 12.5 ಬಡ್ಡಿ. ಹಣವಾಗಿಯೋ ಭತ್ತವಾಗಿಯೋ ಆ ಬಡ್ಡಿ ದೇವಾಲಯಕ್ಕೆ ಬರುತ್ತಿತ್ತು. ಅದರಿಂದ ನೈವೇದ್ಯ, ಉತ್ಸವದ ಖರ್ಚು ನಡೆಯುತ್ತಿತ್ತು. ಕಾವಲುಗಾರರನ್ನು ಊರುಗಳಿಂದಲೇ ಕಳಿಸಬೇಕಿತ್ತು. ದೀಪದ ಏರ್ಪಾಡು ಇನ್ನೂ ಸೊಗಸಾಗಿದೆ. ಒಂದು ನಂದಾದೀಪಕ್ಕೆ 96 ಕುರಿ ಅಂತ ಲೆಕ್ಕ ಹಾಕಿ ಕುರುಬರ ವಶಕ್ಕೆ ಕೊಡುತ್ತಿದ್ದರು. ಅವರು ದಿನಾ ಇಷ್ಟು ತುಪ್ಪ ಅಳೆದು ಕೊಡಬೇಕು. ಮುದಿ ಕುರಿ ಸತ್ತರೆ ಮರಿ ಅದರ ಜಾಗಕ್ಕೆ ಬರುತ್ತದೆ. ಹಾಗಾಗಿ ಅವುಗಳನ್ನು ಸಾವಿಲ್ಲದ, ಮುಪ್ಪಿಲ್ಲದ ಕುರಿಗಳೆಂದೇ ಕರೆದರು. ಅಸಲು ಕರಗಬಾರದು, ಫಲದಿಂದ ದೀಪ ಉರಿಯಬೇಕು. ಷೇರು ಬಂಡವಾಳದ ಪಾಠವನ್ನು ಇದಕ್ಕಿಂತ ಸರಳವಾಗಿ ಯಾರು ಹೇಳಿಯಾರು? ನಮ್ಮ ಕನ್ನಡ ಶಾಸನಗಳಲ್ಲೂ ದೇವರ ದೀಪಕ್ಕೆ ಗಾಣಕ್ಕಿಷ್ಟು ಎಣ್ಣೆ, ಹೇರಿಗಿಷ್ಟು ಅಡಿಕೆ ಅಂತ ಗಾಣಿಗರೂ ವರ್ತಕರೂ ತಮ್ಮ ಮೇಲೆ ತಾವೇ ಹಾಕಿಕೊಂಡ ವಂತಿಗೆಗಳು ಕಾಣಸಿಗುತ್ತವೆ.

ಇಷ್ಟು ದೇಶ, ಇಷ್ಟು ಧರ್ಮಗಳನ್ನು ಸುತ್ತಿಬಂದ ಮೇಲೆ ನಮಗೆ ಕಾಣುವುದು ಇಷ್ಟೇ. ಕಟ್ಟಡ ಕಲ್ಲಿನದೋ ಮರದ್ದೋ ಮಣ್ಣಿನದೋ ಎಂಬುದು ದೊಡ್ಡ ಮಾತಲ್ಲ. ಎಲ್ಲಿ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಇತ್ತೋ, ಕೊಟ್ಟದ್ದಕ್ಕೆ ಬಹಿರಂಗವಾಗಿ ಲೆಕ್ಕ ಇತ್ತೋ, ಹಿರಿಯರು ಕಿರಿಯರಿಗೆ ಕಲಿಸಿದರೋ ಅಲ್ಲಿ ಮಣ್ಣಿನ ಗೋಡೆಯೂ ಬಾಳಿತು. ಎಲ್ಲಿ ಜನರನ್ನು ಕೇಳದೆ ಹೊರೆ ಹೇರಿದರೋ ಅಲ್ಲಿ ಕಲ್ಲಿನ ಕೆಲಸವೂ ನಿಂತಿತು.

ನಮ್ಮ ಸಂಘಕ್ಕೀಗ 25 ತುಂಬಿತು. ಮೊದಲ ಷೇರು ಹಾಕಿದವರ ತಲೆ ನೆರೆತಿದೆ, ಅವರ ಮಕ್ಕಳು ಪಾಸ್ ಪುಸ್ತಕ ಹಿಡಿದು ಬರುತ್ತಿದ್ದಾರೆ. ಇಸೆಯ ಲೆಕ್ಕದಲ್ಲಿ ಹೇಳುವುದಾದರೆ ಉಳಿಯನ್ನು ಕೈ ಬದಲಿಸುವ ಹೊತ್ತು ಮೀರುತ್ತಿದೆ. ಸಾಲ ಬೇಕಾದಾಗ ಮಾತ್ರ ಸಂಘದ ಮೆಟ್ಟಿಲು ಹತ್ತಿ, ಮಹಾಸಭೆಯ ದಿನ ಮನೆಯಲ್ಲಿ ಕೂತರೆ ಈ ಗೋಡೆಗೆ ಮಣ್ಣು ಮೆತ್ತುವವರು ಯಾರು? ಸಾಲದ ಕಂತನ್ನು ಸಕಾಲಕ್ಕೆ ಕಟ್ಟುವುದು, ಆಡಿಟ್ ವರದಿಯನ್ನು ಓದಿ ತಿಳಿಯದ್ದನ್ನು ಎದ್ದು ನಿಂತು ಕೇಳುವುದು, ಕೇಳಿದವರಿಗೆ ಆಡಳಿತ ಮಂಡಳಿ ಸಮಾಧಾನದಿಂದ ಉತ್ತರ ಕೊಡುವುದು, ಇವೇ ನಮ್ಮ ವರ್ಷದ ಗಿಲಾವು. ಅದು ತಪ್ಪದಿರಲಿ. ಸಂಘ ನೂರ್ಕಾಲ ಬಾಳಲಿ.