ನಾಗರಹಾವು, ಕೇರೆಹಾವು ಮತ್ತು ‘ಜಹರೀಲಾ ಇನ್ಸಾನ್’: ರೀಮೇಕಿನ ಸಾರ್ಥಕ್ಯವನ್ನು ಕುರಿತು

‘ರೀಮೇಕ್’ ಎಂಬ ಮಾತು ಕನ್ನಡದ ಚಿತ್ರವಿಮರ್ಶೆಯಲ್ಲಿ ಬಹುಮಟ್ಟಿಗೆ ನಿಂದೆಯ ಮಾತಾಗಿಯೇ ಬಳಕೆಯಾಗಿದೆ. ಸ್ವಂತ ಕಥೆಯಿಲ್ಲದವರು ಹಿಡಿಯುವ ಸುಲಭದ ದಾರಿ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಆದರೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ತಿರಸ್ಕಾರ ತುಸು ವಿಚಿತ್ರವಾಗಿ ಕಾಣಬೇಕು. ಪಂಪನು ಕ್ರಿ.ಶ. 941ರ ಸುಮಾರಿಗೆ ವ್ಯಾಸರ ಕಥೆಯನ್ನೇ ತೆಗೆದುಕೊಂಡು, ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ನಾಗಚಂದ್ರನು ವಿಮಲಸೂರಿಯ ಪರಂಪರೆಯ ರಾಮಕಥೆಯನ್ನು ಹಿಡಿದು, ಪಶ್ಚಾತ್ತಾಪಪಡುವ ರಾವಣನನ್ನು ಕನ್ನಡಕ್ಕೆ ಕೊಟ್ಟನು. ಇವುಗಳನ್ನು ಯಾರೂ ನಕಲೆಂದು ಕರೆಯುವುದಿಲ್ಲ. ಮರುಕಥನವೇ ದೋಷವಲ್ಲವೆಂದಾದರೆ, ಕೆಲವು ಮರುಸೃಷ್ಟಿಗಳು ಬಾಳುವುದಕ್ಕೂ ಕೆಲವು ಜನರ ಅಪ್ರೀತಿಗೆ ಪಾತ್ರವಾಗುವುದಕ್ಕೂ ಕಾರಣವೇನು? ಈ ಪ್ರಶ್ನೆಯನ್ನು ಪರಿಶೀಲಿಸಲು ತ.ರಾ.ಸು. ಅವರ ಎರಡು ಕಾದಂಬರಿ ವಸ್ತುಗಳು ಹಿಂದಿಯ ಬೆಳ್ಳಿತೆರೆಗೆ ಹೋದ ಇತಿಹಾಸ ಉತ್ತಮವಾದ ಆಧಾರವನ್ನು ಒದಗಿಸುತ್ತದೆ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು (1920–1984) ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳ ಮೂಲಕ ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದವರು. ಅವರ ‘ಹಂಸಗೀತೆ’ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಕಲೆಯು ಯಾರಿಗೆ ಸಲ್ಲಬೇಕು, ಅರಸೊತ್ತಿಗೆಗೋ ಅಥವಾ ಅದಕ್ಕೂ ಮಿಗಿಲಾದುದಕ್ಕೋ ಎಂಬುದು ಅದರ ಮೂಲಪ್ರಶ್ನೆ. ಈ ಕಾದಂಬರಿಯನ್ನು ಆಧರಿಸಿ 1956ರಲ್ಲಿ ರಾಜಾ ನವಾಥೆಯವರ ನಿರ್ದೇಶನದಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರ ತೆರೆಗೆ ಬಂದಿತು. ಭರತ್ ಭೂಷಣ್ ಮತ್ತು ನಿಮ್ಮಿ ಅದರ ಮುಖ್ಯ ಪಾತ್ರಧಾರಿಗಳು. ಕರ್ನಾಟಕ ಸಂಗೀತದ ನೆಲೆಯಲ್ಲಿದ್ದ ಕಥೆ ಅಲ್ಲಿ ಹಿಂದೂಸ್ತಾನಿ ಸಂಗೀತದ ಲೋಕಕ್ಕೆ ದಾಟಿತು. ಶಂಕರ್–ಜೈಕಿಷನ್ ಜೋಡಿಯು ರಾಗಾಧಾರಿತ ಗೀತೆಗಳನ್ನು ಸಂಯೋಜಿಸಿತು. ಆಸ್ಥಾನದ ಸ್ಪರ್ಧೆಯ ಸನ್ನಿವೇಶಕ್ಕೆ ಮನ್ನಾ ಡೇ ಅವರೊಡನೆ ಹಾಡಿದವರು ಗದಗಿನ ನೆಲದಿಂದ ಬಂದ ಪಂಡಿತ ಭೀಮಸೇನ ಜೋಶಿಯವರು. ದುರ್ಗದ ಕೋಟೆ ಮರೆಯಾಯಿತು, ಕಾಲದೇಶಗಳು ಬದಲಾದವು. ಆದರೆ ಕಥೆಯ ಜೀವ ಸಂಗೀತದಲ್ಲಿತ್ತು. ಆ ಸಂಗೀತಕ್ಕೆ ಉತ್ತರದಲ್ಲಿಯೂ ತನ್ನದೇ ಆದ ಶಾಸ್ತ್ರ, ಪರಂಪರೆ ಮತ್ತು ಶ್ರೋತೃವರ್ಗ ಇದ್ದುದರಿಂದ ವಸ್ತುವು ಹೊಸ ಮಣ್ಣಿನಲ್ಲಿ ಬೇರೂರಿತು. 1975ರಲ್ಲಿ ಜಿ.ವಿ. ಅಯ್ಯರ್ ಅವರು ಅದೇ ಕಾದಂಬರಿಯನ್ನು ಅನಂತನಾಗ್ ಅವರ ಅಭಿನಯ ಮತ್ತು ಬಾಲಮುರಳೀಕೃಷ್ಣ ಅವರ ಗಾಯನದೊಡನೆ ಕನ್ನಡದಲ್ಲಿ ಚಿತ್ರಿಸಿದಾಗ, ಹಿಂದಿಯ ಚಿತ್ರ ಅದಕ್ಕೆ ಅಡ್ಡಿಯಾಗಲಿಲ್ಲ. ಒಂದೇ ಬೀಜದಿಂದ ಎರಡು ಬೇರೆ ಬೇರೆ ವೃಕ್ಷಗಳು ಬೆಳೆದವು.

ಎರಡನೆಯ ಪ್ರಸಂಗ ಇಷ್ಟು ಸುಗಮವಾದುದಲ್ಲ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದರು. ಎನ್. ವೀರಾಸ್ವಾಮಿಯವರು ಅದರ ನಿರ್ಮಾಪಕರು. ಉಗ್ರಸ್ವಭಾವದ ಯುವಕ ರಾಮಾಚಾರಿಯ ಪಾತ್ರದಿಂದ ವಿಷ್ಣುವರ್ಧನ್ ನಾಯಕನಟರಾದರು. ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಕನ್ನಡನಾಡಿನ ಮನೆಮನೆಯ ಮೇಷ್ಟ್ರಾದರು. ಚಿತ್ರ ಜನಪ್ರಿಯತೆಯ ಶಿಖರವನ್ನು ಮುಟ್ಟಿತು. 2018ರಲ್ಲಿ, ಸುಮಾರು ನಾಲ್ಕೂವರೆ ದಶಕಗಳ ಬಳಿಕ, ಅದು ಡಿಜಿಟಲ್ ರೂಪದಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತು.

ಇಂತಹ ಚಿತ್ರವನ್ನು ಮೆಚ್ಚದಿದ್ದವರಲ್ಲಿ ಮೂಲ ಲೇಖಕರೇ ಮೊದಲಿಗರು. ಪುಟ್ಟಣ್ಣನವರು ತಮ್ಮ ನಾಗರಹಾವನ್ನು ಕೇರೆಹಾವನ್ನಾಗಿಸಿದರೆಂದು ತ.ರಾ.ಸು. ಬೇಸರಪಟ್ಟ ಸಂಗತಿ ಸುಪ್ರಸಿದ್ಧವಾಗಿದೆ. ಕೇರೆಹಾವು ನೋಡಲು ದೊಡ್ಡದು, ವೇಗದ್ದು, ಆದರೆ ವಿಷವಿಲ್ಲದ್ದು. ಅವರ ಆಕ್ಷೇಪದ ತಿರುಳು ಆ ಒಂದು ಹೋಲಿಕೆಯಲ್ಲೇ ಇದೆ. ರಾಮಾಚಾರಿಯನ್ನು ಪ್ರೇಕ್ಷಕರ ಮುದ್ದಿನ ಹುಡುಗನನ್ನಾಗಿಸುವ ಭರದಲ್ಲಿ ಕಾದಂಬರಿಯ ತೀಕ್ಷ್ಣತೆ ಕರಗಿತೆಂಬ ನೋವು ಅದು. ಮೂರು ಕೃತಿಗಳನ್ನು ಒಂದು ಚಿತ್ರದ ಅವಧಿಗೆ ಇಳಿಸುವಾಗ ಮನಸ್ಸಿನ ಒಳಸುಳಿಗಳು ಕಳೆದುಹೋಗುವುದು ಸಹಜವಾದುದರಿಂದ ಲೇಖಕರ ಅಸಮಾಧಾನವನ್ನು ಅಲ್ಲಗಳೆಯಲಾಗದು. ಆದರೂ ಚಿತ್ರ ಬಾಳಿತು. ಮೂಲಕ್ಕೆ ನಿಷ್ಠವಾಗಿಲ್ಲ ಎಂಬುದೊಂದೇ ಕೃತಿಯೊಂದನ್ನು ತಳ್ಳಿಹಾಕಲು ಸಾಕಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಈ ಯಶಸ್ಸಿನ ಬೆನ್ನಿಗೇ 1974ರಲ್ಲಿ ‘ನಾಗರಹಾವು’ ತೆಲುಗಿನಲ್ಲಿ ‘ಕೋಡೆ ನಾಗು’, ತಮಿಳಿನಲ್ಲಿ ‘ರಾಜ ನಾಗಂ’, ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಆಯಿತು. ಹಿಂದಿಯ ಚಿತ್ರವನ್ನು ಪುಟ್ಟಣ್ಣನವರೇ ನಿರ್ದೇಶಿಸಿದರು. ರೀಮೇಕ್ ಅವರಿಗೆ ಹೊಸದಾಗಿರಲಿಲ್ಲ. ಅವರು ಸ್ವತಂತ್ರ ನಿರ್ದೇಶಕರಾದದ್ದೇ 1964ರಲ್ಲಿ, ಬಿ.ಆರ್. ಪಂತುಲು ಅವರ ಕನ್ನಡ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಮಲಯಾಳಂಗೆ ತರುವ ಮೂಲಕ. ಹಿಂದಿಯಲ್ಲಿ ಅವರಿಗೆ ಸಿಕ್ಕ ಅನುಕೂಲಗಳೂ ಸಣ್ಣವಲ್ಲ. ಹಿಂದಿನ ವರ್ಷವಷ್ಟೇ ‘ಬಾಬಿ’ಯಿಂದ ದೇಶದ ಕಣ್ಮಣಿಯಾಗಿದ್ದ ರಿಷಿ ಕಪೂರ್ ನಾಯಕ. ಮೌಸುಮಿ ಚಟರ್ಜಿ ಮತ್ತು ನೀತು ಸಿಂಗ್ ನಾಯಕಿಯರು. ಗುರುವಿನ ಪಾತ್ರಕ್ಕೆ ಪ್ರಾಣ್, ಸಂಗೀತಕ್ಕೆ ಆರ್.ಡಿ. ಬರ್ಮನ್. ಕಥೆ ಅದೇ, ನಿರ್ದೇಶಕರೂ ಅವರೇ. ಹಾಗಿದ್ದೂ ಚಿತ್ರ ಸೋತಿತು. ಕಿಶೋರ್ ಕುಮಾರ್ ಹಾಡಿದ ‘ಓ ಹಂಸಿನಿ’ ಎಂಬ ಗೀತೆಯೊಂದು ಇಂದಿಗೂ ಕೇಳಿಬರುತ್ತದೆ, ಚಿತ್ರವನ್ನು ನೆನೆಯುವವರು ವಿರಳ.

ಸೋಲಿನ ಕಾರಣಗಳಲ್ಲಿ ಒಂದನ್ನು ಶೀರ್ಷಿಕೆಯಿಂದಲೇ ಊಹಿಸಬಹುದು. ಕನ್ನಡಿಗರಿಗೆ ನಾಗರಹಾವು ಭಯದ ಪ್ರಾಣಿಯೂ ಹೌದು, ಪೂಜೆಯ ದೈವವೂ ಹೌದು. ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ, ಅರಳಿಕಟ್ಟೆಯ ನಾಗರಕಲ್ಲಿಗೆ ಕೈಮುಗಿಯುವ ಸಮಾಜದಲ್ಲಿ ಆ ಹೆಸರೇ ರಾಮಾಚಾರಿಯ ವ್ಯಕ್ತಿತ್ವದ ವ್ಯಾಖ್ಯಾನವಾಗುತ್ತದೆ. ಕೆಣಕಿದರೆ ಕಚ್ಚುವವನು, ಒಲಿದರೆ ತಲೆಬಾಗುವವನು. ಊರಿನವರಿಗೆ ಅವನ ಹೆಡೆಯಷ್ಟೇ ಕಂಡರೆ, ಚಾಮಯ್ಯ ಮೇಷ್ಟ್ರಿಗೆ ಅವನ ದೈವಿಕತೆ ಕಂಡಿತು. ‘ಜಹರೀಲಾ ಇನ್ಸಾನ್’ ಎಂದರೆ ವಿಷಪೂರಿತ ಮನುಷ್ಯ ಎಂದಷ್ಟೇ ಅರ್ಥ. ಕನ್ನಡದ ಚಿತ್ರದಲ್ಲಿ ವಿಷ ಹೋಯಿತೆಂದು ಲೇಖಕರು ನೊಂದರು. ಹಿಂದಿಯ ಶೀರ್ಷಿಕೆಯಲ್ಲಿ ಉಳಿದದ್ದು ವಿಷವೊಂದೇ.

ಇನ್ನೊಂದು ಕಾರಣ ಸ್ಥಳಕ್ಕೆ ಸಂಬಂಧಿಸಿದ್ದು. ‘ನಾಗರಹಾವು’ ಚಿತ್ರದಲ್ಲಿ ದುರ್ಗದ ಬಂಡೆಗಳು ಬರಿಯ ಹಿನ್ನೆಲೆಯಲ್ಲ. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಒನಕೆಯಿಂದ ಎದುರಿಸಿದ ಓಬವ್ವನ ಕಥೆ ಹಾಡಾಗಿ ಬರುವಾಗ, ಜಯಂತಿಯವರ ಆ ರೂಪದಲ್ಲಿ ಕನ್ನಡ ಪ್ರೇಕ್ಷಕನು ತನ್ನ ಚರಿತ್ರೆಯನ್ನೇ ಕಂಡನು. ಆ ಕೋಟೆಯ ಸ್ವಾಭಿಮಾನವೇ ರಾಮಾಚಾರಿಯ ಹಠಕ್ಕೂ ಮೂಲವೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ನೆನಪುಗಳಿಲ್ಲದ ಪ್ರೇಕ್ಷಕನಿಗೆ ಕಾಣುವವನು ಕಾರಣವಿಲ್ಲದೆ ಕೋಪಿಸಿಕೊಳ್ಳುವ ಒಬ್ಬ ತರುಣ. ಸಾಲದೆಂಬಂತೆ, ‘ಬಾಬಿ’ಯ ಸುಕುಮಾರ ಪ್ರೇಮಿಯನ್ನು ಮೆಚ್ಚಿದ್ದ ಕಣ್ಣುಗಳು ಆ ಕೋಪವನ್ನು ನಂಬಲು ಸಿದ್ಧವಿರಲಿಲ್ಲ. ಸಂಗೀತದಂತೆ ಕೋಟೆಯನ್ನು ಭಾಷಾಂತರಿಸಲಾಗಲಿಲ್ಲ.

ಸ್ಥಳೀಯ ನೆನಪಿನಲ್ಲಿ ಬೇರುಬಿಟ್ಟ ಕಥೆಗಳನ್ನು ಸಾಗಿಸುವುದು ಅಸಾಧ್ಯವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. 1993ರಲ್ಲಿ ಫಾಜಿಲ್ ನಿರ್ದೇಶಿಸಿದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಕೇರಳದ ತರವಾಡು ಮನೆಯೊಂದರ ಕಥೆ. ನಾಯಕಿಯ ಮನಸ್ಸನ್ನು ಆವರಿಸುವ ನರ್ತಕಿ ನಾಗವಲ್ಲಿ ತಮಿಳು ನುಡಿಯುವವಳು. 2004ರಲ್ಲಿ ಪಿ. ವಾಸು ಅವರು ಅದನ್ನು ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ತಂದಾಗ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷದ ತಮಿಳಿನ ‘ಚಂದ್ರಮುಖಿ’ಯಲ್ಲಿಯೂ ನರ್ತಕಿಯ ನುಡಿ ತೆಲುಗು. 2007ರಲ್ಲಿ ಪ್ರಿಯದರ್ಶನ್ ಅವರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಅವಳು ಬಂಗಾಳದ ಮಂಜುಲಿಕಾ. ಮನೆಯೊಳಗಿನ ಹೆಣ್ಣು ಇದ್ದಕ್ಕಿದ್ದಂತೆ ನೆರೆನಾಡಿನ ಭಾಷೆಯನ್ನು ಆಡತೊಡಗುವುದೇ ಈ ಕಥೆಯ ಭಯದ ಮರ್ಮ. ಆ ಮರ್ಮವನ್ನು ಅರಿತವರು ಪ್ರತಿಯೊಂದು ನಾಡಿಗೂ ತಕ್ಕ ನೆರೆಯ ಭಾಷೆಯನ್ನು ಹುಡುಕಿಕೊಂಡರು. ಸೌಂದರ್ಯ ಅವರ ತೆಲುಗಿನ ನಾಗವಲ್ಲಿಯನ್ನು ಕನ್ನಡಿಗರು ಎರವಲು ಎಂದು ಭಾವಿಸಲಿಲ್ಲ.

ಕನ್ನಡದಲ್ಲಿ ರೀಮೇಕುಗಳು ಹೆಚ್ಚಿದುದಕ್ಕೆ ಸೃಜನಶೀಲತೆಯ ಕೊರತೆಯೊಂದೇ ಕಾರಣವೆನ್ನುವುದು ಸಹ ಚರಿತ್ರೆಗೆ ಒಪ್ಪುವ ಮಾತಲ್ಲ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ, ರಾಜ್‌ಕುಮಾರ್ ಮೊದಲಾದವರ ಬೆಂಬಲದಿಂದ ಬೆಳೆದ ಡಬ್ಬಿಂಗ್ ವಿರೋಧವು, ಆಗತಾನೇ ಚಿಗುರುತ್ತಿದ್ದ ಕನ್ನಡ ಚಿತ್ರೋದ್ಯಮಕ್ಕೆ ರಕ್ಷಣೆಯ ಬೇಲಿಯಾಯಿತು. ಅನ್ಯಭಾಷೆಯ ಚಿತ್ರವನ್ನು ಕನ್ನಡದ ಮಾತುಗಳಲ್ಲಿ ನೋಡುವ ನೇರ ಬಾಗಿಲು ಮುಚ್ಚಿದಾಗ, ರೀಮೇಕ್ ಎಂಬ ಪಕ್ಕದ ಬಾಗಿಲು ಹೆಚ್ಚು ಬಳಕೆಗೆ ಬಂತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯನ್ನು ಸ್ಪರ್ಧಾವಿರೋಧಿ ಎಂದು ತೀರ್ಪಿತ್ತ ಬಳಿಕ ಪರಿಸ್ಥಿತಿ ಬದಲಾಗತೊಡಗಿತು. ಈಗ ಸಂಚಾರ ಎರಡೂ ದಿಕ್ಕಿನದು. 2018ರ ‘ಕೆಜಿಎಫ್’, 2022ರ ‘ಕಾಂತಾರ’ ಚಿತ್ರಗಳು ಡಬ್ಬಿಂಗ್ ಮೂಲಕವೇ ದೇಶವನ್ನು ಸುತ್ತಿದವು. ‘ಕಾಂತಾರ’ದ ಭೂತಕೋಲವನ್ನು ಬೇರೊಂದು ನಾಡಿನ ಆಚರಣೆಯಾಗಿ ಮಾರ್ಪಡಿಸಬೇಕಾಗಲಿಲ್ಲ. ತುಳುನಾಡಿನ ದೈವ ತನ್ನ ನೆಲದ ಗುರುತಿನೊಡನೆಯೇ ಅನ್ಯರನ್ನು ತಲುಪಿತು.

ಆದುದರಿಂದ ಕಥೆಯನ್ನು ಕೇವಲ ತಲುಪಿಸುವುದಕ್ಕಾಗಿ ರೀಮೇಕ್ ಮಾಡುವ ಅಗತ್ಯ ಇಂದು ಬಹುಪಾಲು ಮುಗಿದಿದೆ. ಉಳಿದಿರುವುದು ಪಂಪನ ಕಾಲದ ಅಗತ್ಯವೇ: ಹಳೆಯ ಕಥೆಯನ್ನು ಹೊಸ ನೆಲದ ಪ್ರಶ್ನೆಯೊಂದಕ್ಕೆ ಉತ್ತರವಾಗಿ ಮತ್ತೆ ಕಟ್ಟುವುದು. ‘ಬಸಂತ್ ಬಹಾರ್’ ಮತ್ತು ‘ಆಪ್ತಮಿತ್ರ’ ಆ ಕೆಲಸವನ್ನು ತಕ್ಕಮಟ್ಟಿಗೆ ಮಾಡಿದವು. ‘ಜಹರೀಲಾ ಇನ್ಸಾನ್’ ಮಾಡಲಿಲ್ಲ. ಅದರ ನಿರ್ದೇಶಕರು ಸಾಮಾನ್ಯರಾಗಿರಲಿಲ್ಲ. ಕನ್ನಡ ಚಿತ್ರರಂಗ ಕಂಡ ಶ್ರೇಷ್ಠ ಪ್ರತಿಭೆಯೊಂದು ತನ್ನದೇ ಕೃತಿಯನ್ನು ಪರನೆಲದಲ್ಲಿ ಮರಳಿ ಕಟ್ಟಲಾರದೆ ಹೋಯಿತು ಎಂಬುದೇ ಈ ಇತಿಹಾಸದ ಮುಖ್ಯ ಪಾಠ. ಆ ಸೋತ ಚಿತ್ರದೊಡನೆ ಇಟ್ಟು ನೋಡಿದಾಗ, ದುರ್ಗದ ‘ನಾಗರಹಾವು’ ಯಾವುದರ ಬಲದಿಂದ ಬದುಕಿತ್ತೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.