ಹಳೆಯ ಬಿಲ್ಲು, ಹೊಸ ದರ: ಆರೋಗ್ಯ ವಿಮೆಯ ಒಂದು ಲೆಕ್ಕಾಚಾರದ ಕಥೆ

ಮುಂದಿನ ವರ್ಷ ಯಾರಿಗೆ ಯಾವ ಕಾಯಿಲೆ ಬರುತ್ತದೆ, ಚಿಕಿತ್ಸೆಗೆ ಎಷ್ಟು ಹಣ ಬೇಕಾಗುತ್ತದೆ ಎಂಬುದನ್ನು ಯಾರೂ ನಿಖರವಾಗಿ ಹೇಳಲಾರರು. ಆದರೆ ಆ ಹಣವನ್ನು ಮುಂಚಿತವಾಗಿಯೇ ಕೊಡಬೇಕಾಗಿ ಬಂದರೆ? ಈ ಪ್ರಶ್ನೆಯನ್ನು ಅಮೆರಿಕದ ಸರ್ಕಾರ ನಾಲ್ಕು ದಶಕಗಳಿಂದ ಎದುರಿಸುತ್ತಿದೆ. ಉತ್ತರಕ್ಕಾಗಿ ಅದು ಹಳೆಯ ಚಿಕಿತ್ಸಾ ಬಿಲ್ಲುಗಳ ಮೊರೆಹೋಯಿತು. ಆ ಬಿಲ್ಲುಗಳು ಏನನ್ನು ಹೇಳಿದವು, ಏನನ್ನು ಹೇಳಲಿಲ್ಲ ಎಂಬುದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ.

ಸರಾಸರಿಯ ಕಾಲ

65 ವರ್ಷ ದಾಟಿದವರಿಗಾಗಿ ರೂಪಿಸಿದ ‘ಮೆಡಿಕೇರ್’ ವಿಮಾ ಯೋಜನೆಯ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದರು. ವೈದ್ಯರು ಮತ್ತು ಆಸ್ಪತ್ರೆಗಳು ಚಿಕಿತ್ಸೆ ನೀಡಿ ಬಿಲ್ಲು ಕಳುಹಿಸಬೇಕು, ಸರ್ಕಾರ ಹಣ ಕೊಡಬೇಕು. ಇದು ಮೊದಲಿನ ಏರ್ಪಾಡು. ಸೇವೆ ಹೆಚ್ಚಿದಷ್ಟೂ ಹಣ ಹೆಚ್ಚು ಸಿಗುತ್ತಿದ್ದುದರಿಂದ ವೆಚ್ಚ ಏರುತ್ತಲೇ ಹೋಯಿತು.

ಇದಕ್ಕೆ ಪರ್ಯಾಯವಾಗಿ ಕಂಡದ್ದು ತಲಾ ಪಾವತಿ. ಒಬ್ಬ ಸದಸ್ಯನಿಗೆ ತಿಂಗಳಿಗೆ ಇಂತಿಷ್ಟು ಎಂದು ಆರೋಗ್ಯ ನಿರ್ವಹಣಾ ಸಂಸ್ಥೆಗೆ ಕೊಟ್ಟುಬಿಡುವುದು. ಖರ್ಚು ಹೆಚ್ಚಾದರೆ ನಷ್ಟ, ಕಡಿಮೆಯಾದರೆ ಲಾಭ ಆ ಸಂಸ್ಥೆಯದೇ. 1982ರ ಕಾಯಿದೆಯೊಂದು ಮೆಡಿಕೇರ್‌ನಲ್ಲಿ ಇದಕ್ಕೆ ಅವಕಾಶ ಮಾಡಿತು. 1985ರಲ್ಲಿ ಅದು ಜಾರಿಗೆ ಬಂದಿತು.

ದರವನ್ನು ಗೊತ್ತುಪಡಿಸುವುದು ಹೇಗೆ? ನಮ್ಮ ಜಿಲ್ಲೆಯನ್ನು ಹೋಲುವ ಪ್ರತಿಯೊಂದು ಕೌಂಟಿಯಲ್ಲೂ ಸಾಮಾನ್ಯ ಮೆಡಿಕೇರ್‌ನಲ್ಲಿ ಉಳಿದವರ ಐದು ವರ್ಷಗಳ ಬಿಲ್ಲುಗಳನ್ನು ರಾಷ್ಟ್ರೀಯ ಸರಾಸರಿಯೊಂದಿಗೆ ಹೋಲಿಸಲಾಯಿತು. ಹೀಗೆ ಬಂದ ತಲಾ ವೆಚ್ಚವನ್ನು ವಯಸ್ಸು, ಲಿಂಗ, ಬಡವರ ನೆರವು ಯೋಜನೆಯ ಫಲಾನುಭವಿಯೇ, ಶುಶ್ರೂಷಾ ಗೃಹದಲ್ಲಿದ್ದಾರೆಯೇ ಎಂಬಂತಹ ಕೆಲವು ಅಂಶಗಳಿಗೆ ತಕ್ಕಂತೆ ಹೊಂದಿಸಿ, ಅದರ ಶೇಕಡ 95ರಷ್ಟನ್ನು ಸಂಸ್ಥೆಗೆ ಕೊಡಲಾಯಿತು. ಸರ್ಕಾರಕ್ಕೆ ಶೇಕಡ 5 ಉಳಿತಾಯ ಎಂಬುದು ಲೆಕ್ಕ.

ಉಳಿತಾಯ ನಷ್ಟವಾದದ್ದು

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಂದೇ ವಯಸ್ಸಿನ ಹತ್ತು ವೃದ್ಧರಿದ್ದಾರೆ. ಒಂಬತ್ತು ಮಂದಿಯ ವಾರ್ಷಿಕ ವೆಚ್ಚ ತಲಾ 1,000 ಡಾಲರ್; ಹೃದ್ರೋಗಿಯಾದ ಹತ್ತನೆಯವರದು 31,000. ಒಟ್ಟು 40,000, ಸರಾಸರಿ 4,000. ಆರೋಗ್ಯವಂತರಲ್ಲಿ ಐವರು ಸಂಸ್ಥೆಗೆ ಸೇರಿದರೆ ಅದಕ್ಕೆ ಸಿಗುವುದು ತಲಾ 3,800ರಂತೆ 19,000. ಅದರ ಖರ್ಚು ಕೇವಲ 5,000. ಉಳಿದ ಐವರ 35,000 ಡಾಲರನ್ನೂ ಸರ್ಕಾರವೇ ಭರಿಸಬೇಕು. ಹೀಗೆ 40,000ದಲ್ಲಿ ಮುಗಿಯುತ್ತಿದ್ದ ವೆಚ್ಚ 54,000ಕ್ಕೆ ಏರುತ್ತದೆ. ಅಷ್ಟೇ ಅಲ್ಲ, ಸಾಮಾನ್ಯ ಮೆಡಿಕೇರ್‌ನಲ್ಲಿ ಉಳಿದವರ ಸರಾಸರಿ ಈಗ 7,000. ಮುಂದಿನ ದರವನ್ನು ಕಟ್ಟುವುದು ಆ ಬಿಲ್ಲುಗಳ ಮೇಲೆಯೇ! ಸಂಸ್ಥೆಗಳು ಮೋಸ ಮಾಡಬೇಕಾಗಿಯೂ ಇಲ್ಲ. ಕಾಯಿಲೆಯವರು ತಮ್ಮ ಹಳೆಯ ವೈದ್ಯರನ್ನು ಬಿಟ್ಟುಬರಲು ಹಿಂಜರಿದರೆ ಸಾಕು.

ವಾಸ್ತವದಲ್ಲೂ ಆದದ್ದು ಹೀಗೆಯೇ, ಪ್ರಮಾಣ ಮಾತ್ರ ಚಿಕ್ಕದು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸಂಸ್ಥೆಗಳಿಗೆ ಸೇರಿದವರಿಗಾಗಿ ಸರ್ಕಾರ ಮಾಡಿದ ವೆಚ್ಚ, ಅವರು ಸೇರದೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಶೇಕಡ 5.7ರಷ್ಟು ಹೆಚ್ಚಾಗಿತ್ತು. ಕಾರಣ ಸರಳ: ವ್ಯಕ್ತಿಯಿಂದ ವ್ಯಕ್ತಿಗೆ ವೆಚ್ಚದಲ್ಲಿರುವ ಏರುಪೇರಿನಲ್ಲಿ ವಯಸ್ಸು, ಲಿಂಗ ಮುಂತಾದವು ವಿವರಿಸುವುದು ಸುಮಾರು ಶೇಕಡ 1ನ್ನು ಮಾತ್ರ.

ಇನ್ನೊಂದು ವಿಚಿತ್ರವೂ ಇತ್ತು. 1997ರಲ್ಲಿ ನ್ಯೂಯಾರ್ಕಿನ ರಿಚ್‌ಮಂಡ್ ಕೌಂಟಿಯ ಮಾಸಿಕ ದರ 767 ಡಾಲರ್. ನೆಬ್ರಾಸ್ಕದ ಗ್ರಾಮೀಣ ಕೌಂಟಿಗಳಲ್ಲಿ 221ರಷ್ಟು ಕಡಿಮೆ ದರವೂ ಇತ್ತು. ಹಳ್ಳಿಯ ಮುದುಕರಿಗೆ ಕಾಯಿಲೆ ಮೂರನೆಯ ಒಂದು ಭಾಗವೇ? ಖಂಡಿತ ಇಲ್ಲ. ವೈದ್ಯರು, ಆಸ್ಪತ್ರೆಗಳು ಕಡಿಮೆ ಇರುವ ಕಡೆ ಬಿಲ್ಲುಗಳೂ ಕಡಿಮೆ. ಅಗ್ಗವಾಗಿ ಚಿಕಿತ್ಸೆ ನೀಡಿದ ಊರಿಗೂ, ಚಿಕಿತ್ಸೆಯೇ ಸಿಗದ ಊರಿಗೂ ಹಳೆಯ ಲೆಕ್ಕ ಒಂದೇ ಬಗೆಯ ದರವನ್ನು ಕೊಟ್ಟಿತು. 1997ರ ಕಾಯಿದೆ ಕನಿಷ್ಠ ದರವೊಂದನ್ನು ತಂದಿತು. 1998ರಲ್ಲಿ ಅದು 367 ಡಾಲರ್.

ರೋಗದ ಹೆಸರಿಗೆ ತೂಕ

ಬಿಲ್ಲಿನಲ್ಲಿ ಹಣದ ಮೊತ್ತವಷ್ಟೇ ಅಲ್ಲ, ರೋಗದ ಸಂಕೇತವೂ ಇರುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದ ಆರ್ಲೀನ್ ಆಶ್, ರಾಂಡಲ್ ಎಲಿಸ್ ಮತ್ತು ಸಂಗಡಿಗರು 1980ರ ದಶಕದಿಂದ ಈ ಸಂಕೇತಗಳನ್ನು ಬಳಸಿಕೊಂಡು ಒಂದು ಕ್ರಮವನ್ನು ಬೆಳೆಸಿದರು. ಈ ವರ್ಷ ದಾಖಲಾದ ರೋಗಕ್ಕೂ ಮುಂದಿನ ವರ್ಷದ ವೆಚ್ಚಕ್ಕೂ ಇರುವ ಸಂಬಂಧವನ್ನು ರಿಗ್ರೆಶನ್ ವಿಧಾನದಿಂದ ಕಂಡುಹಿಡಿದು, ಒಂದೊಂದು ರೋಗಕ್ಕೂ ಒಂದೊಂದು ತೂಕ ಕೊಡುವುದು ಇದರ ತಿರುಳು. ಸರಾಸರಿ ವ್ಯಕ್ತಿಯ ಅಂಕ 1. ಅಂಕ 2 ಇದ್ದವರಿಗೆ ದರ ಇಮ್ಮಡಿ.

2000ನೇ ಇಸವಿಯಲ್ಲಿ ಜಾರಿಗೆ ಬಂದ ಮೊದಲ ಮಾದರಿ ಒಳರೋಗಿಗಳ ದಾಖಲೆಯನ್ನಷ್ಟೇ ನೋಡುತ್ತಿತ್ತು. ಅದು ಏರುಪೇರಿನ ಸುಮಾರು ಶೇಕಡ 6ನ್ನು ವಿವರಿಸಿತಾದರೂ, ಮಧುಮೇಹಿಯನ್ನು ಆಸ್ಪತ್ರೆಗೆ ಸೇರಿಸದೆ ಚೆನ್ನಾಗಿ ನೋಡಿಕೊಂಡವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. 2004ರಲ್ಲಿ ಹೊರರೋಗಿಗಳ ದಾಖಲೆಯನ್ನೂ ಸೇರಿಸಿ, 70 ರೋಗವರ್ಗಗಳ ಹೊಸ ಮಾದರಿ ಬಂದಿತು. ಅದು ವಿವರಿಸಿದ್ದು ಸುಮಾರು ಶೇಕಡ 10. ಇದು ಅಲ್ಪವೆನಿಸಬಹುದು. ಆದರೆ ನಾಳೆ ಜಾರಿಬಿದ್ದು ಮೂಳೆ ಮುರಿಯುವುದನ್ನು ಯಾವ ಹಳೆಯ ಬಿಲ್ಲೂ ಹೇಳಲಾರದು. ಅಂತಹ ಆಕಸ್ಮಿಕಗಳು ದೊಡ್ಡ ಗುಂಪಿನಲ್ಲಿ ಸರಿದೂಗಿಹೋಗುತ್ತವೆ. ಬೇಕಾದದ್ದು ಮೊದಲೇ ಗೊತ್ತಿರುವ ರೋಗಿಗಳನ್ನು ದೂರವಿಡದಂತಹ ದರ.

ಅಳತೆಗೋಲೇ ಬದಲಾದಾಗ

ರೋಗದ ಹೆಸರಿಗೆ ಹಣ ಸಿಗತೊಡಗಿದ ಮೇಲೆ ದಾಖಲೆಗಳಲ್ಲಿ ರೋಗಗಳೂ ಹೆಚ್ಚಿದವು! ಸಂಸ್ಥೆಗಳು ಸದಸ್ಯರ ರೋಗಗಳನ್ನು ಹೆಚ್ಚು ಶ್ರದ್ಧೆಯಿಂದ, ಕೆಲವೊಮ್ಮೆ ಅತಿಯಾಗಿ, ಬರೆಯತೊಡಗಿದವು. ಇದನ್ನು ಸರಿದೂಗಿಸಲು 2010ರಲ್ಲಿ ಅಂಕಗಳನ್ನು ಶೇಕಡ 3.41ರಷ್ಟು ಇಳಿಸಬೇಕಾಯಿತು, 2018ರ ಹೊತ್ತಿಗೆ ಆ ಇಳಿಕೆ ಶೇಕಡ 5.9ಕ್ಕೆ ಮುಟ್ಟಿತು.

ಇನ್ನೂ ಗಂಭೀರವಾದ ಎಚ್ಚರಿಕೆ ಬಂದದ್ದು 2019ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ. ಜಿಯಾದ್ ಓಬರ್‌ಮಯರ್ ಮತ್ತು ಸಂಗಡಿಗರು ಪರಿಶೀಲಿಸಿದ್ದು ದರ ನಿಗದಿಯ ಮಾದರಿಯನ್ನಲ್ಲ, ವಿಶೇಷ ಆರೈಕೆ ಯಾರಿಗೆ ಬೇಕೆಂದು ಆರಿಸುವ ಒಂದು ಗಣಕ ಸೂತ್ರವನ್ನು. ಅದೂ ಹಳೆಯ ಬಿಲ್ಲುಗಳಿಂದ ಮುಂದಿನ ವೆಚ್ಚವನ್ನು ಊಹಿಸುತ್ತಿತ್ತು. ಒಂದೇ ಅಂಕ ಪಡೆದವರಲ್ಲಿ ಕಪ್ಪು ಜನರು ಬಿಳಿಯರಿಗಿಂತ ಹೆಚ್ಚು ಕಾಯಿಲೆಯಿಂದ ಬಳಲುತ್ತಿದ್ದರು. ಏಕೆಂದರೆ ಅಷ್ಟೇ ಕಾಯಿಲೆಯಿದ್ದರೂ ಅವರ ಮೇಲೆ ಖರ್ಚಾಗಿದ್ದ ಹಣ ಕಡಿಮೆ. ಈ ದೋಷವನ್ನು ತೆಗೆದರೆ ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪಾಲು ಶೇಕಡ 17.7ರಿಂದ 46.5ಕ್ಕೆ ಏರುತ್ತದೆಂದು ಅವರು ತೋರಿಸಿದರು.

ನೆಬ್ರಾಸ್ಕದ ಹಳ್ಳಿಗಳ ದರದಲ್ಲಿ ಅಡಗಿದ್ದ ಪಾಠವೂ ಇದೇ. ಬಿಲ್ಲು ದಾಖಲಿಸುವುದು ಆದ ಖರ್ಚನ್ನು, ಆಗಬೇಕಾಗಿದ್ದ ಚಿಕಿತ್ಸೆಯನ್ನಲ್ಲ. ಆಸ್ಪತ್ರೆಯ ಬಾಗಿಲನ್ನೇ ಮುಟ್ಟದ ರೋಗಿಯ ಹೆಸರಿನಲ್ಲಿ ಬಿಲ್ಲೇ ಇರುವುದಿಲ್ಲ. ಲೆಕ್ಕದಲ್ಲಿ ಆತನದು ಸೊನ್ನೆ. ಅಂಕಿ ಅಂಶಗಳಿಂದ ದರ ಕಟ್ಟುವವರು ಮೊದಲು ವಿಚಾರಿಸಬೇಕಾದದ್ದು ಆ ಸೊನ್ನೆಯ ಅರ್ಥವನ್ನು.