ಕೋಲಾರಮ್ಮ ಗ್ರಾಮದೇವತೆಯೇ? ಒಂದು ಶಾಸನದ ಮರುಓದು

ಸಿ.ವಿ. ರಾಮನ್ ನಗರದ ಬಡಾವಣೆಗಳ ಒಳಗೆ ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯದಂಥ ಹಳೆಯ ಊರುಗಳು ಅಡಗಿವೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಹೊಲಗದ್ದೆ ಹೋದ ಮೇಲೂ ಅಮ್ಮನ ಪೂಜೆ ನಿಂತಿಲ್ಲ. ತಂಬಿಟ್ಟಿನ ಆರತಿ, ಬೇವಿನ ಸೊಪ್ಪು, ಮಡಿಲಕ್ಕಿ ಇಂದಿಗೂ ನಡೆಯುತ್ತವೆ. ಈ ಬಗೆಯ ದೇವತೆಗಳ ಅಧ್ಯಯನಕ್ಕೆ ಹೆನ್ರಿ ವೈಟ್‌ಹೆಡ್ 1916ರಲ್ಲಿ ಹಾಕಿದ ಚೌಕಟ್ಟು ಇನ್ನೂ ಸಡಿಲವಾಗಿಲ್ಲ. ಹೆಣ್ಣುದೇವತೆ, ಬಲಿ, ಬ್ರಾಹ್ಮಣೇತರ ಪೂಜಾರಿ ಇವು ಗ್ರಾಮದೇವತೆಯ ಗುರುತುಗಳು. ಶಾಸ್ತ್ರ, ಮಂತ್ರ, ಆಗಮ ಬೇರೆಯೇ ಲೋಕ. 1952ರಲ್ಲಿ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಮುಂದಿಟ್ಟ ಮೇಲೆ, ಎರಡು ಲೋಕಗಳ ನಡುವೆ ಊರಮ್ಮ ಮೆಟ್ಟಿಲು ಹತ್ತಿ ದುರ್ಗೆಯಾಗುತ್ತಾಳೆಂಬ ಕಥನ ರೂಢಿಗೆ ಬಂತು. ಅನೇಕ ಗುಡಿಗಳಿಗೆ ಅದು ಒಪ್ಪುತ್ತದೆ. ಕೋಲಾರಮ್ಮನಿಗೆ ಒಪ್ಪುವುದಿಲ್ಲ ಎಂಬುದು ಈ ಲೇಖನದ ವಾದ.

ಹಳೇ ಮದ್ರಾಸು ರಸ್ತೆ ಹಿಡಿದು ಸಿ.ವಿ. ರಾಮನ್ ನಗರದಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ಹೋದರೆ ಕೋಲಾರ; ಗಂಗರ ಬಿರುದುಗಳಲ್ಲಿ ಬರುವ ಕುವಳಾಲಪುರ. ಅಲ್ಲಿನ ಕೋಲಾರಮ್ಮನ ಗುಡಿಯೊಳಗೆ ಎರಡು ಸನ್ನಿಧಿಗಳು. ಒಂದರಲ್ಲಿ ಕೋಲಾರಮ್ಮ. ಅವಳ ದೃಷ್ಟಿ ಉಗ್ರವೆಂದು ಭಕ್ತರು ಎದುರಿನ ಕನ್ನಡಿಯಲ್ಲಿ ಮೂಡಿದ ರೂಪಕ್ಕೇ ಕೈಮುಗಿಯುತ್ತಾರೆ. ಇನ್ನೊಂದರಲ್ಲಿ ಸಪ್ತಮಾತೃಕೆಯರು. ಚೇಳಿನ ಕಡಿತದಿಂದ ಕಾಯುವ ಚೇಳಮ್ಮನೂ ಇಲ್ಲಿದ್ದಾಳೆ. ಅವಳ ಬಳಿ ನೆಲದೊಳಗೇ ಕೊರೆದ ಹುಂಡಿಗೆ ಕಾಣಿಕೆಯ ನಾಣ್ಯ ಬೀಳುತ್ತದೆ. ಇಷ್ಟನ್ನೇ ಕಂಡವರಿಗೆ ಇದು ರಾಜಾಶ್ರಯ ಪಡೆದು ಬೆಳೆದ ಊರಮ್ಮನ ಗುಡಿಯಾಗಿ ತೋರುವುದು ಸಹಜ.

ಗೋಡೆಯ ತಮಿಳು ಶಾಸನಗಳು ಬೇರೆ ಮಾತು ಹೇಳುತ್ತವೆ. ಬಿ.ಎಲ್. ರೈಸ್ ಇವನ್ನು 1905ರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ದೇವಿಯ ಹೆಸರು ಅಲ್ಲಿ ಪಿಡಾರಿ. ಒಂದನೆಯ ರಾಜೇಂದ್ರ ಚೋಳನ ಕಾಲದಲ್ಲಿ ಇಟ್ಟಿಗೆಯ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಲಾಯಿತು. ಅಂದಮೇಲೆ ರಾಜೇಂದ್ರನೇ ಗುಡಿಯನ್ನು ಸ್ಥಾಪಿಸಿದನೆಂಬ ಜನಪ್ರಿಯ ಹೇಳಿಕೆ ನಿಲ್ಲುವುದಿಲ್ಲ.

ನನ್ನ ವಾದ ನಿಂತಿರುವುದು ಒಂದನೆಯ ಕುಲೋತ್ತುಂಗನ ಕಾಲದ, 1071–72ರ ದತ್ತಿಯ ಮೇಲೆ. ಅದು ಗುಡಿಯ ಖರ್ಚುವೆಚ್ಚದ ವಿವರವಾದ ಪಟ್ಟಿ. ಯೋಗಿನಿಯರ ಪೂಜೆಗೆ ಮದ್ಯ ಒದಗಿಸುವ ಏರ್ಪಾಡು ಅದರಲ್ಲಿದೆ. ಅದೇ ಪಟ್ಟಿಯಲ್ಲಿ ವ್ಯಾಕರಣ ಮತ್ತು ಯಾಮಳ ಕಲಿಸುವವನಿಗೆ ಜೀವನಾಂಶವೂ ಇದೆ. ಯಾಮಳವೆಂದರೆ ಭೈರವ ಮತ್ತು ಮಾತೃಕೆಯರ ಆರಾಧನೆಯನ್ನು ವಿಧಿಸುವ ಸಂಸ್ಕೃತ ತಂತ್ರಗಳ ವರ್ಗ. ಹೆಂಡ ಮತ್ತು ವ್ಯಾಕರಣ ಒಂದೇ ದತ್ತಿಯಿಂದ ನಡೆಯುತ್ತಿದ್ದವು. ವೈಟ್‌ಹೆಡ್ ಎಳೆದ ಗೆರೆ ಈ ಅಂಗಳದಲ್ಲಿ ಹನ್ನೊಂದನೆಯ ಶತಮಾನದಲ್ಲೇ ಇರಲಿಲ್ಲ. ಹಾಗಾದರೆ ನಾವು ‘ಗ್ರಾಮೀಣ’ ಎಂದು ಬೇರ್ಪಡಿಸುವ ಉಗ್ರ ನೈವೇದ್ಯ ಇಲ್ಲಿ, ಕನಿಷ್ಠ ಆ ಕಾಲದಲ್ಲಿ, ಓದುಬಲ್ಲ ಆಚಾರ್ಯರ ಶಾಸ್ತ್ರೋಕ್ತ ವಿಧಿಯೇ ಆಗಿದ್ದಿರಬೇಕು. ಅಮ್ಮ ಹಳ್ಳಿಯಿಂದ ಶಾಸ್ತ್ರಕ್ಕೆ ಏರಿದವಳಲ್ಲ. ಶಾಸ್ತ್ರದ ಪಾಠ ನಿಂತ ಮೇಲೆ ಊರಿನ ಭಕ್ತಿ ಅವಳನ್ನು ಉಳಿಸಿಕೊಂಡಿತು.

ಈ ಮಾತನ್ನು ಕೆಲವು ಎಚ್ಚರಿಕೆಗಳೊಂದಿಗೇ ಹೇಳಬೇಕು. ಮದ್ಯ ಯಾಮಳದ ವಿಧಿಯಂತೆ ಸಲ್ಲುತ್ತಿತ್ತು ಎಂಬುದು ಎರಡೂ ಒಂದೇ ಪಟ್ಟಿಯಲ್ಲಿರುವುದರಿಂದ ನಾನು ಮಾಡಿದ ಊಹೆ. ಪಿಡಾರಿ ಎಂಬ ಪದವನ್ನು ‘ಭಟ್ಟಾರಿಕೆ’ಯಿಂದ ಬಂದದ್ದೆಂದು ಹಲವರು ವಿವರಿಸಿದ್ದಾರೆ, ಅದು ನನ್ನ ವಾದಕ್ಕೆ ಅನುಕೂಲವಾದರೂ, ತಮಿಳು ನಾಡಿನಲ್ಲಿ ಪಿಡಾರಿ ಊರ ಗಡಿಯ ದೇವತೆಯೂ ಹೌದಾದ್ದರಿಂದ ಅದನ್ನು ನಾನು ಆಧಾರವಾಗಿ ಹಿಡಿದಿಲ್ಲ. ದತ್ತಿಶಾಸನ ವೆಚ್ಚವನ್ನು ಹೇಳುತ್ತದೆಯೇ ಹೊರತು ಹರಕೆ ಹೊತ್ತು ಬಂದವರ ಮನಸ್ಸನ್ನಲ್ಲ. ಕನ್ನಡಿಯನ್ನೂ ಚೇಳಮ್ಮನನ್ನೂ ಚೋಳರ ಕಾಲಕ್ಕೆ ಒಯ್ಯುವುದೂ ತಪ್ಪಾದೀತು. ಆಚಾರ್ಯ ಕಲಿಸುತ್ತಿದ್ದ ಅದೇ ಹೊತ್ತಿನಲ್ಲಿ ರೈತಾಪಿ ಹೆಣ್ಣುಮಕ್ಕಳು ತಮ್ಮದೇ ರೀತಿಯಲ್ಲಿ ಅಮ್ಮನಿಗೆ ನಡೆದುಕೊಂಡಿರಬಹುದು. ಶಾಸನ ಅದನ್ನು ಅಲ್ಲಗಳೆಯುವುದಿಲ್ಲ.

ಇಟ್ಟಿಗೆಯ ಗುಡಿ ಗಂಗರದೋ, ಅದಕ್ಕೂ ಹಿಂದಿನದೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ರೈಸರ ಆವೃತ್ತಿಗೆ ನೂರು ವರ್ಷ ದಾಟಿತು. ಕನ್ನಡ, ತಮಿಳು ಎರಡನ್ನೂ ಬಲ್ಲ ಶಾಸನತಜ್ಞರು ಗೋಡೆಯ ಪಾಠವನ್ನು ಕಲ್ಲಿನೊಡನೆ ಮತ್ತೆ ಹೋಲಿಸಿ, ಕನ್ನಡ ಅರ್ಥದೊಂದಿಗೆ ಸಂಪಾದಿಸಿ ಕೊಡಬೇಕು.